ಬಾಯಿಗೆ ಹಿಡಿದ ಬೂಷ್ಟು

ಬೂಷ್ಟು ಹಿಡಿಯುವುದು ಉಪ್ಪಿನಕಾಯಿಯ ಜಾಡಿಗೆ ಎಂದು ನಾವೆಲ್ಲ ನಂಬಿದ್ದೇವೆ. ಬೇತಮಂಗಲದ ನಮ್ಮ ದೊಡ್ಡಪ್ಪನವರೂ ಹಾಗೆಯೇ ನಂಬಿದ್ದರು. ಕಳೆದ ಬೇಸಿಗೆಯಲ್ಲಿ ಅವರ ನಾಲಿಗೆಯ ಮೇಲೆ ಮೊಸರಿನ ಕೆನೆಯಂಥ ಬಿಳಿಯ ಪದರ ಕಟ್ಟಿತು. ಒರೆಸಿದರೆ ಅಡಿಯಲ್ಲಿ ಕೆಂಪು, ಉರಿ. ಸೊಪ್ಪಿನ ಸಾರಿನಲ್ಲಿ ಅದ್ದಿದ ತುತ್ತು ಗಂಟಲಿಗೆ ಇಳಿಯದು. ಮುದ್ದೆ ಒಲ್ಲೆನೆಂದ ದೊಡ್ಡಪ್ಪನನ್ನು ನಮ್ಮ ಮನೆಯವರು ಅದುವರೆಗೆ ಕಂಡವರಲ್ಲ. ಏನು ಕೆಟ್ಟ ರೋಗವೋ ಎಂದು ದೊಡ್ಡಮ್ಮ ಕಣ್ಣೀರಿಟ್ಟರು.

ಡಾಕ್ಟರು ಬಾಯಿ ನೋಡಿ, "ಹೆದರಬೇಡಿ, ಇದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುತ್ತೀರಲ್ಲ, ಆಮೇಲೆ ಬಾಯಿ ಮುಕ್ಕಳಿಸುತ್ತೀರೋ?" ಎಂದರು.

ದೊಡ್ಡಪ್ಪ ನನ್ನ ಮುಖ ನೋಡಿದರು. ಇನ್‌ಹೇಲರನ್ನು ಬೆಂಗಳೂರಿನಿಂದ ತಂದು, ಎಳೆಯುವ ಕ್ರಮ ಕಲಿಸಿದವನು ನಾನು. ಮುಕ್ಕಳಿಸಬೇಕೆಂದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅಚ್ಚಾಗಿತ್ತು. ನಾನು ಓದಿರಲಿಲ್ಲ.

ತಪ್ಪು ಮಾಡಿದವನಿಗೆ ಓದಿನ ಮೇಲೆ ಶ್ರದ್ಧೆ ಹೆಚ್ಚು. ಓದಿದಾಗ ತಿಳಿಯಿತು, ಈ ಶಿಲೀಂಧ್ರ ಹೊರಗಿನಿಂದ ನುಗ್ಗಿದ ಕಳ್ಳನಲ್ಲ. ಆರೋಗ್ಯವಂತರಾದ ಅನೇಕರ ಬಾಯಲ್ಲಿ (ನಿಮ್ಮ ಬಾಯಲ್ಲೂ ಇರಬಹುದು, ಬೇಸರಿಸಬೇಡಿ) ಅದು ದುಂಡನೆಯ ಕಣಗಳಾಗಿ ತೆಪ್ಪಗೆ ಬಾಳುತ್ತದೆ. ಕೇಡಿನ ವಿದ್ಯೆ ಅದರ ಜೀನುಗಳಲ್ಲಿ ಯಾವಾಗಲೂ ಇದೆ. ಪ್ರಯೋಗಕ್ಕೆ ಮಾತ್ರ ಹೊತ್ತು ಬರಬೇಕು. ಪಂಚಾಂಗದಲ್ಲಿ ವರ್ಷವೆಲ್ಲ ಅಚ್ಚಾಗಿದ್ದರೂ ನಾವು ಆ ಹೊತ್ತಿನ ಪುಟವನ್ನಷ್ಟೇ ತೆರೆಯುವುದಿಲ್ಲವೆ, ಹಾಗೆ. ಬಾಯಲ್ಲಿ ಉಳಿದ ಔಷಧದಿಂದ ಮೈಯ ಕಾವಲು ಸಡಿಲವಾದಾಗ ಅದು ಬೇರೆ ಪುಟ ತೆರೆಯುತ್ತದೆ. ದುಂಡು ಕಣ ಎಳೆಯಾಗಿ ನೀಳುತ್ತದೆ. ಎ.ಎಲ್.ಎಸ್. 3 ಎಂಬ ಜೀನು ಎಚ್ಚೆತ್ತು, ಬಾಯಿಯ ಒಳಚರ್ಮಕ್ಕೆ ಅಂಟಿಕೊಳ್ಳುವ ಪ್ರೋಟೀನನ್ನು ಒದಗಿಸುತ್ತದೆ. ಇ.ಸಿ.ಇ. 1 ಎಂಬ ಇನ್ನೊಂದರಿಂದ ಹುಟ್ಟುವುದು ಕ್ಯಾಂಡಿಡಾಲೈಸಿನ್ ಎಂಬ ವಿಷ. ನಮ್ಮ ಜೀವಕೋಶದ ಪೊರೆಯನ್ನು ತೂತು ಮಾಡುವ ಈ ವಿಷವನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದು 2016ರಲ್ಲಿ. ಯಾವ ಪುಟ ತೆರೆದಿದೆಯೆಂದು ತಿಳಿಯಲು ಅವರು ರೋಗಿಯ ಜೊಲ್ಲಿನಲ್ಲಿ ಜೀನಿನ ನಕಲಾದ ಆರ್‌ಎನ್‌ಎಯನ್ನು ಹುಡುಕುತ್ತಾರೆ.

ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಕೊನೆಯವರೆಗೂ ಕೇಳಿ, "ಹಾಗಾದರೆ ಅದರ ತಪ್ಪೇನೋ? ಇಷ್ಟು ವರ್ಷ ಜೊತೆಯಲ್ಲಿ ಸುಮ್ಮನಿತ್ತು. ಬಾಗಿಲು ತೆಗೆದುಕೊಟ್ಟವನು ನೀನು!" ಎಂದು ನಕ್ಕರು. ನಗುವಾಗಲೂ ಬಾಯಿ ಉರಿಯುತ್ತಿತ್ತೆಂದು ಕಾಣುತ್ತದೆ. ಕೈ ಅಡ್ಡ ಹಿಡಿದರು. ನನಗೆ ನಗಲಾಗಲಿಲ್ಲ.

ಪಾಲಾರ್ ನದಿಯ ಬೇತಮಂಗಲದ ಕೆರೆ ಕೋಲಾರದ ಚಿನ್ನದ ಗಣಿಯ ಊರಿಗೇ ನೀರು ಕುಡಿಸಿದ ಕೆರೆ. ಗಣಿ 2001ರಲ್ಲಿ ಮುಚ್ಚಿತು. ಕೆರೆಯ ಮಾತು ಊರಿನಲ್ಲಿ ಇನ್ನೂ ನಡೆಯುತ್ತದೆ. ಅಂಥ ಊರಿನ ಮುದುಕರಿಗೆ ಬೇಕಾಗಿದ್ದುದು ಒಂದು ಲೋಟ ನೀರು, ಮುಕ್ಕಳಿಸಿರೆಂದು ಹೇಳುವ ಒಂದು ಬಾಯಿ.

ಹಚ್ಚುವ ಔಷಧಿಯಿಂದ ಎರಡು ವಾರದಲ್ಲಿ ಬಿಳುಪು ಹೋಯಿತು. ಈಗ ಇನ್‌ಹೇಲರಿನ ಪಕ್ಕದಲ್ಲಿ ದೊಡ್ಡಮ್ಮ ಒಂದು ಚೊಂಬು ನೀರಿಟ್ಟಿರುತ್ತಾರೆ. ರಾತ್ರಿ ಫೋನು ಮಾಡಿದಾಗ ಕ್ಷೇಮಸಮಾಚಾರಕ್ಕೆ ಮೊದಲು ನಾನು ಕೇಳುವುದು, "ಮುಕ್ಕಳಿಸಿದಿರಾ ದೊಡ್ಡಪ್ಪ?"

"ಹೂಂ ಕಣೋ, ಆಯಿತು. ಮುದ್ದೆಯೂ ಆಯಿತು."