ಪೊರಕೆಯಿಂದ ಶುರುವಾದ ಬಣ್ಣ

ಬಿಳಿ ನಿಲುವಂಗಿ, ಅರ್ಧ ಮುಖ ಮುಚ್ಚಿದ ಶಾಲು, ನೆರಳಲ್ಲಿ ಕಳೆದುಹೋದ ಕಾಲು. ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ಮೆದೀನಾ ಅನ್ನೋ ಹಳೇ ಬಡಾವಣೆಯಿದೆ. ಅಲ್ಲಿ ಯಾವ ತಿರುವು ತಿರುಗಿದರೂ ಗೋಡೆ ಮೇಲೆ ಈ ಸಂತ ಸಿಗುತ್ತಾರೆ. ಹೆಸರು ಶೇಖ್ ಅಮಾದು ಬಾಂಬಾ. 1895ರಲ್ಲಿ ಫ್ರೆಂಚರು ಅವರನ್ನು ಗ್ಯಾಬೊನ್‌ಗೆ ಗಡಿಪಾರು ಮಾಡಿದ್ದರು. ಅವರದ್ದು ಅಂತ ಎಲ್ಲರಿಗೂ ಗೊತ್ತಿರೋ ಫೋಟೊ ಒಂದೇ, 1913ರದ್ದು. ಆ ಒಂದೇ ಫೋಟೊ ನೋಡಿಕೊಂಡು ಊರಿಗೆ ಊರೇ ಚಿತ್ರ ಬರೆದಿದೆ.

ಪಕ್ಕದ ಗೋಡೆಯಲ್ಲಿ ಇನ್ಯಾರೋ ಹೀರೊ, ಅದರಾಚೆ ಸೊಳ್ಳೆಪರದೆ ಕಟ್ಟಿಕೊಳ್ಳಿ ಅನ್ನೋ ಬುದ್ಧಿಮಾತು. ಗೋಡೆ ಮೇಲೆ ಬಣ್ಣ ಎರಚಿದರೆ ಅದು ಪುಂಡಾಟಿಕೆ ಅಂತ ಎಷ್ಟೋ ದೊಡ್ಡ ನಗರಗಳು ಕೇಸ್ ಹಾಕುತ್ತವೆ. ಇಲ್ಲಿ ಹಾಗಿಲ್ಲ. ಕಾರಣ ತಿಳಿಯಬೇಕಾದರೆ 1988ಕ್ಕೆ ಹೋಗಬೇಕು.

ಆ ವರ್ಷ ಚುನಾವಣೆ ನಂತರ ಡಕಾರ್ ಹೊತ್ತಿ ಉರಿದಿತ್ತು. ಮುಷ್ಕರದಿಂದಾಗಿ ಓದೋ ಹುಡುಗರ ಇಡೀ ಒಂದು ವರ್ಷ ನೀರಿನಲ್ಲಿ ಹೋಮ ಆಗಿತ್ತು. ಬೀದಿಯಲ್ಲಿ ಕಲ್ಲು ತೂರಿದ್ದು ಹರೆಯದವರೇ. ಊರಲ್ಲಿ ಕಸ ಎತ್ತೋರೂ ಇರಲಿಲ್ಲ. ಆಮೇಲೆ, 1990ರ ಹೊತ್ತಿಗೆ, ಅದೇ ವಯಸ್ಸಿನವರು ಗಲ್ಲಿ ಗಲ್ಲಿಯಲ್ಲಿ ಪೊರಕೆ ಹಿಡಿದರು. ಯಾರ ಅಪ್ಪಣೆಗೂ ಕಾಯಲಿಲ್ಲ. ಚರಂಡಿ ಬಳಿದರು, ಕಸ ಹೊತ್ತರು, ತೊಳೆದ ಗೋಡೆಗೆ ಬಣ್ಣ ಹಚ್ಚಿದರು. ವೊಲೋಫ್ ಭಾಷೆಯಲ್ಲಿ 'ಸೆಟ್' ಅಂದರೆ ಸ್ವಚ್ಛ, 'ಸೆಟಲ್' ಅಂದರೆ ಸ್ವಚ್ಛ ಮಾಡು. ಚಳವಳಿಯ ಹೆಸರೂ ಅದೇ: ಸೆಟ್ ಸೆಟಲ್. ಗಾಯಕ ಯೂಸೂ ಎನ್‌ದೂರ್ 1990ರಲ್ಲಿ ಹೊರತಂದ ಆಲ್ಬಮ್‌ನ ಹೆಸರು 'ಸೆಟ್'.

ಮನೆ ಮುಂದೆ ಕಸ ಗುಡಿಸಿಕೊಟ್ಟ ಹುಡುಗ ಗೋಡೆ ಕೇಳಿದರೆ ಯಾವ ಅಜ್ಜಿ ತಾನೇ ಬೇಡ ಅಂತಾಳೆ? ಕೈಯೆಲ್ಲಾ ಬಣ್ಣ ಮಾಡಿಕೊಂಡು ಕೂತಿದ್ದ ಒಬ್ಬನನ್ನ 'ಪೊಲೀಸರು ಹಿಡಿಯಲ್ವಾ?' ಅಂತ ಕೇಳಿದೆ. 'ಯಾಕೆ ಹಿಡೀತಾರೆ? ಮನೆಯವರನ್ನ ಕೇಳಿಯೇ ಶುರು ಮಾಡೋದು' ಅಂದ. 'ಅತಾಯಾ' ಅನ್ನೋ ಚಹಾ ಬಂತು. ಮೂರು ಸುತ್ತು ಕೊಡುತ್ತಾರೆ. ಮೊದಲ ಲೋಟ ಕಹಿ, ಆಮೇಲೆ ಸಿಹಿ ಏರುತ್ತಾ ಹೋಗುತ್ತೆ. ಮೂರನೆಯದು ಮುಗಿಯೋ ಮುಂಚೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ಟೈಮ್ ಇಟ್ಟುಕೊಂಡೇ ಕೂರಿ.

ಗೋಡೆಯಿಂದ ಮೈಕಿಗೆ ಬಂದಿದ್ದು 2011ರಲ್ಲಿ. ದಿನಗಟ್ಟಲೆ ಕರೆಂಟ್ ಇಲ್ಲದ ಕಾಲ. ಜನವರಿಯ ಒಂದು ರಾತ್ರಿ ಕತ್ತಲಲ್ಲಿ ಕೂತ ಕೆಲವು ಪತ್ರಕರ್ತರು ಮತ್ತು 'ಕೆರ್ ಗಿ' ತಂಡದ ರ‍್ಯಾಪರ್‌ಗಳು ಒಂದು ಬಳಗ ಕಟ್ಟಿದರು. ಹೆಸರು 'ಯಾನ್ ಆ ಮಾರ್', ಅಂದರೆ 'ಸಾಕಪ್ಪಾ ಸಾಕು'. ಬರೀ ಬೈದು ಹಾಡಿದ್ದರೆ ನಾನು ಇದನ್ನೆಲ್ಲ ಬರೀತಿರಲಿಲ್ಲ. ಇವರು ಹಾಡಿನ ಜೊತೆಗೇ ಗೆಳೆಯರನ್ನು ಎಳಕೊಂಡು ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದರು. ಆ ಅಭಿಯಾನಕ್ಕೆ ಇಟ್ಟ ವೊಲೋಫ್ ಹೆಸರಿನ ಅರ್ಥ, ಹಿಂದಿನ ರಾತ್ರಿಯೇ ಆಯುಧ ಮಸೆದಿಟ್ಟುಕೊಂಡು ಮಲಗೋದು. ಆಯುಧ ಯಾವುದು? ವೋಟರ್ ಕಾರ್ಡ್.

ಅದೇ ವರ್ಷ ಅಧ್ಯಕ್ಷ ವಾದ್ ಒಂದು ಮಸೂದೆ ತಂದರು. ಮೊದಲ ಸುತ್ತಲ್ಲೇ ಗೆಲ್ಲೋಕೆ ಕಾಲು ಭಾಗ ಮತ ಸಾಕು ಅನ್ನೋ ಲೆಕ್ಕ. ಜೂನ್ 23ರಂದು ಜನ ಸಂಸತ್ತಿನ ಮುಂದೆ ತುಂಬಿಕೊಂಡರು, ಮಸೂದೆ ಅದೇ ದಿನ ವಾಪಸ್. 2012ರ ಮಾರ್ಚ್‌ನಲ್ಲಿ ವಾದ್ ಸೋತರು. ಗೆದ್ದ ಮೇಲೆ ರ‍್ಯಾಪರ್‌ಗಳು ಹೊಸ ಸರ್ಕಾರದಲ್ಲಿ ಕುರ್ಚಿ ಹಿಡಿಯಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

2013ರಲ್ಲಿ ಝುಮನ್ ಮತ್ತು ಕೀಟಿ ಎಂಬ ಇಬ್ಬರು ವಾರ್ತೆಯನ್ನೇ ರ‍್ಯಾಪ್ ಮಾಡಿ ಹೇಳೋಕೆ ಶುರು ಮಾಡಿದರು. ಒಬ್ಬ ಫ್ರೆಂಚ್‌ನಲ್ಲಿ, ಇನ್ನೊಬ್ಬ ವೊಲೋಫ್‌ನಲ್ಲಿ. ಕಚೇರಿಗೆ ಒಂದು ಭಾಷೆ, ಮನೆಗೆ ಇನ್ನೊಂದು ಅನ್ನೋ ಸಂಕಟ ಬೆಂಗಳೂರಿನಲ್ಲಿ ಕೆಲಸ ಮಾಡೋ ನಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆದರೆ ಸಂಜೆ ಸೂಂಬೆಜೂನ್ ಮೀನು ಮಾರುಕಟ್ಟೆ ಕಡೆ ಇಳಿದಾಗ ಮನಸ್ಸು ಭಾರವಾಯ್ತು. ದಡದಲ್ಲಿ ಸಾಲು ಸಾಲು 'ಪಿರೋಗ್' ದೋಣಿಗಳು. ಕೆಂಪು, ಹಳದಿ, ಹಸಿರು, ಎಲ್ಲಕ್ಕೂ ಕೈಯಿಂದಲೇ ಚಿತ್ತಾರ. ಇಂಥ ದೋಣಿಗಳಲ್ಲೇ ಕೆಲಸ ಸಿಗದ ಹುಡುಗರು ಸ್ಪೇನ್‌ನ ಕೆನರಿ ದ್ವೀಪಗಳತ್ತ ಹೊರಡೋದು, ಅಟ್ಲಾಂಟಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಎಷ್ಟೋ ದೋಣಿ ಮುಟ್ಟೋದೇ ಇಲ್ಲ. 'ಬಾರ್ಸಾ, ಇಲ್ಲಾಂದ್ರೆ ಪರಲೋಕ' ಅನ್ನೋದು ಅವರ ಮಾತು. ಬಾರ್ಸಾ ಅಂದರೆ ಬಾರ್ಸಿಲೋನಾ. 2024ರ ಮಾರ್ಚ್‌ನಲ್ಲಿ ಇದೇ ಯುವಜನರ ಬಲದಿಂದ 44 ವರ್ಷದ ಬಸಿರು ಜೋಮಾಯ್ ಫಾಯ್ ಅಧ್ಯಕ್ಷರಾಗಿ ಆಯ್ಕೆಯಾದರು. ಮತದಾನಕ್ಕೆ ಹತ್ತು ದಿನ ಮುಂಚಿನವರೆಗೂ ಅವರು ಜೈಲಿನಲ್ಲಿದ್ದರು. ದೋಣಿಗಳು ಆ ವರ್ಷವೂ ಹೊರಟವು.

ಒಬ್ಬ ಹುಡುಗ ಮರಳಲ್ಲಿ ಮಂಡಿಯೂರಿ ಹೊಸ ದೋಣಿಗೆ ಬಣ್ಣ ಹಚ್ಚುತ್ತಿದ್ದ. 'ಇದು ಮೀನಿಗಾ?' ಅಂತ ಕೈಸನ್ನೆ ಮಾಡಿದೆ. ನಕ್ಕ. ಹಳದಿ ಡಬ್ಬಿ ಕೈಗೆ ಕೊಟ್ಟು ಹಿಡ್ಕೊಂಡಿರಿ ಅಂದ, ಇನ್ನೊಂದು ಬದಿಗೆ ಹೋದ.