ಗಾದಿಯ ಮೇಲೆ ಬೂಟು

ಶಹಾಪುರದ ಹುಡುಗ ನಾನು. ಬೀಜದ ಕಂಪನಿಯೊಂದಕ್ಕೆ ಸೇರಿದಾಗ ಬೆಂಗಳೂರಿನಲ್ಲಿ ಮೂರು ದಿನ ತರಬೇತಿ ಕೊಟ್ಟರು. ಕೈ ಎಷ್ಟು ಬಿಗಿಯಾಗಿ ಕುಲುಕಬೇಕು, ಕಾರ್ಡನ್ನು ಎರಡೂ ಕೈಯಲ್ಲಿ ಹೇಗೆ ಕೊಡಬೇಕು, ಎರಡೇ ನಿಮಿಷದಲ್ಲಿ ಹೇಗೆ ವಿಷಯಕ್ಕೆ ಬರಬೇಕು, ಎಲ್ಲವನ್ನೂ ಬರೆದುಕೊಂಡೆ. ‘ಹೌದ್ರಿ’ ಅಂದರೆ ಪಕ್ಕದವರು ನಗುತ್ತಿದ್ದರು. ಮೂರನೇ ದಿನಕ್ಕೆ ನನ್ನ ‘ರೀ’ ಉದುರಿ ‘ಸರ್’ ಬಂದಿತ್ತು.

ಮರುವಾರ ಯಾದಗಿರಿಯ ಗಂಜ್ ಮಾರುಕಟ್ಟೆಗೆ ಹೋದೆ. ತೊಗರಿ ಸುಗ್ಗಿ, ಚೀಲಗಳ ಧೂಳು. ಅಡತಿಯ ಜೊತೆಗೆ ಬೀಜ, ಗೊಬ್ಬರದ ಅಂಗಡಿಯನ್ನೂ ಇಟ್ಟಿದ್ದ ಸಾವಕಾರರು ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿದ್ದರು. ಬೂಟುಗಾಲಲ್ಲೇ ಗಾದಿಯ ಅಂಚು ತುಳಿದು ಕೈ ಚಾಚಿದೆ. ಅವರು ಬೂಟು ನೋಡಿದರು, ಏನೂ ಅನ್ನಲಿಲ್ಲ.

‘ಮೊದಲ ನೀರು ಕುಡೀರಿ. ಯಾವೂರ್ರಿ ನಿಮ್ದು? ಆ ಕಡಿ ಬೆಳಿ ಹೆಂಗದ?’

‘ಅದಿರಲಿ ಸರ್, ಎರಡೇ ನಿಮಿಷ’ ಅಂದೆ.

ಯಾವ ಊರು, ಯಾರ ಮಗ, ಬೆಳೆ ಹೇಗಿದೆ ಎಂದು ಕೇಳುವುದು ಹೊತ್ತು ಕಳೆಯುವ ಮಾತಲ್ಲ. ನಮ್ಮ ಕಡೆ ಉದ್ರಿ ಕೊಡುವುದೇ ಆ ಉತ್ತರಗಳನ್ನು ನಂಬಿ. ಇದು ಹೊಲದವರ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿತ್ತು, ಮರೆತಂತೆ ನಟಿಸಿದೆ. ನಾನು ಹೊರಡುವ ಮೊದಲೇ ಗುಮಾಸ್ತರು ನನ್ನ ಕಾರ್ಡಿನ ಹಿಂದೆ ಚೀಲದ ಲೆಕ್ಕ ಬರೆಯುತ್ತಿದ್ದರು.

ಬೂಟಿನ ತಪ್ಪು ಮರುಭೇಟಿಗೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಬೇರೆಯದು. ಅಂದು ತಂಬಿಗೆಯಲ್ಲಿ ನೀರು ತಂದ ಹಮಾಲರು ನನ್ನಪ್ಪನ ವಯಸ್ಸಿನವರು. ಕೈಯಲ್ಲಿ ಕೊಕ್ಕೆ ಇನ್ನೂ ಇತ್ತು. ‘ಏ, ಅಲ್ಲಿಡು’ ಅಂದೆ. ಸಾವಕಾರರು ಅದೇ ಮನುಷ್ಯನಿಗೆ, ‘ಕಾಕಾ, ಊಟ ಆತೇನ್ರಿ?’ ಅಂದರು. ನನಗಿಂತ ಎರಡು ವರ್ಷ ದೊಡ್ಡವನಾದ ಮ್ಯಾನೇಜರ್‌ಗೆ ಅದೇ ಸಂಜೆ ಫೋನಿನಲ್ಲಿ ಎಷ್ಟು ಸಲ ‘ಸರ್’ ಅಂದೆನೋ! ಶಿಷ್ಟಾಚಾರ ಮೇಲಿನವರಿಗಷ್ಟೇ ಎಂದು ನಾನು ಕಲಿತಿದ್ದೆ. ತರಬೇತಿಯನ್ನು ದೂರಲಾರೆ. ‘ಏ’ ಎನ್ನುವುದು ನಾನು ಊರಿಂದಲೇ ಕೊಂಡೊಯ್ದದ್ದು, ನಮ್ಮ ಮನೆಯಲ್ಲಿ ಆಳುಗಳಿಗೆ ಯಾರೂ ‘ರೀ’ ಹಚ್ಚುತ್ತಿರಲಿಲ್ಲ.

ಹಾಗಂತ ‘ಕಾಕಾ’ ಅಂದೊಡನೆ ಕೂಲಿ ಹೆಚ್ಚುವುದಿಲ್ಲ ಎಂಬುದೂ ಗೊತ್ತು. ಕರೆಯುವ ಮಾತಿಗೆ ಅಷ್ಟು ಬಲವಿಲ್ಲ ಎಂಬುದಕ್ಕೆ ಪಕ್ಕದ ಸುರಪುರದಲ್ಲೇ ಸಾಕ್ಷಿಯಿದೆ, ಟೇಲರ್ ಮಂಜಿಲ್. 1841ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಎಳೆಯ ರಾಜ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದನೆಂದು ಬರೆದಿಟ್ಟಿದ್ದಾನೆ. (ಸತ್ತ ಸಾಹೇಬನಿಗೂ ರಾಜನಿಗೂ ನಾನು ಏಕವಚನ ಹಚ್ಚಿದ್ದನ್ನು ಗಮನಿಸಿ, ಚರಿತ್ರೆ ತಿರುಗಿ ಬೈಯುವುದಿಲ್ಲ.) 1858ರಲ್ಲಿ ರಾಜ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಸೆರೆಯಲ್ಲಿದ್ದಾಗ ಆ ‘ಅಪ್ಪಾ’ ಎಂಬ ಮಾತು ಅವನನ್ನು ಉಳಿಸಲಿಲ್ಲ.

2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕೈ ಕುಲುಕುವವರು ಹೆಚ್ಚಾದರು. ನಾನೂ ಚೆನ್ನಾಗಿ ಕುಲುಕುತ್ತೇನೆ, ಗಾದಿಯ ಕೆಳಗೆ ಬೂಟು ಬಿಡುತ್ತೇನೆ, ನೀರು ಬೇಡ ಎನ್ನುವುದಿಲ್ಲ. ಆದರೂ ಗಡಿಬಿಡಿಯಲ್ಲಿ ‘ಏ’ ಬಾಯಿಗೆ ಬಂದುಬಿಡುತ್ತದೆ, ಅರ್ಧಕ್ಕೆ ನುಂಗುತ್ತೇನೆ.

ಕಳೆದ ಸುಗ್ಗಿಯಲ್ಲಿ ಅದೇ ಅಂಗಡಿಯಲ್ಲಿ ಧೈರ್ಯ ಮಾಡಿ, ‘ಕಾಕಾ, ಸ್ವಲ್ಪ ನೀರು ಕೊಡ್ರಿ’ ಅಂದೆ. ಆ ಹಮಾಲರು ಯಾರನ್ನು ಕರೆದೆನೆಂದು ತಿರುಗಿ ಹಿಂದೆ ನೋಡಿದರು.