ಎಂಜಿನ್ನಿಲ್ಲದ ಜಾವಾ

ಮೈಸೂರಿನ ನಮ್ಮ ಮನೆಯ ಹಿತ್ತಿಲ ಮಾಡಿನ ಕೆಳಗೆ, ಒಡೆದ ತೊಟ್ಟಿಲಿಗೂ ಹಳೆಯ ಒರಳಿಗೂ ನಡುವೆ, ಒಂದು ಜಾವಾ ಮೋಟಾರ್ ಸೈಕಲ್ ಹಲವಾರು ವರ್ಷಗಳಿಂದ ನಿಂತಿದೆ. ಚಕ್ರಗಳಿವೆ, ಟ್ಯಾಂಕಿದೆ, ಕೆಂಗಂದು ಬಣ್ಣ ಅಲ್ಲಲ್ಲಿ ಉಳಿದಿದೆ; ಎಂಜಿನ್ ಮಾತ್ರ ಇಲ್ಲ. ರಿಪೇರಿಗೆಂದು ಅದನ್ನು ಬಿಚ್ಚಿಕೊಂಡು ಹೋದ ಮೇಸ್ತ್ರಿ ಅಂಗಡಿ ಮುಚ್ಚಿ ಊರು ಬಿಟ್ಟ. ಅವನೊಡನೆ ಎಂಜಿನ್ನೂ ಹೋಯಿತು. ಅದನ್ನು ಮಾರುವ ಮಾತು ಬಂದಾಗಲೆಲ್ಲ ತಂದೆಯವರು ವೃತ್ತಪತ್ರಿಕೆಯಲ್ಲಿ ಮುಖ ಮರೆಸಿಕೊಳ್ಳುತ್ತಿದ್ದರು. ಈ ವರ್ಷ, ಎಂಬತ್ತನಾಲ್ಕು ತುಂಬಿದ ಮೇಲೆ, ತಾವೇ ಬಾಯಿಬಿಟ್ಟರು: “ಬೆಂಗಳೂರಿಗೆ ಹೋದಾಗ ಒಂದು ಎಂಜಿನ್ ಸಿಕ್ಕೀತೇ ನೋಡಿ ಬಾ. ಒಮ್ಮೆ ಆ ಸದ್ದು ಕೇಳಬೇಕು.”

ಜಾವಾ ಎಂದರೆ ದ್ವೀಪವೆಂದುಕೊಳ್ಳುವ ಮಕ್ಕಳಿಗಾಗಿ ಒಂದು ಮಾತು. 1929ರಲ್ಲಿ ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಬೆಸೆದು ಈ ಹೆಸರಿಟ್ಟ. 1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಮ್ಮ ಯಾದವಗಿರಿಯಲ್ಲಿ ತಲೆಯೆತ್ತಿತು. ಇರಾನಿನ ಯಜ್ದ್ ನಗರದ ನೆನಪಿನಲ್ಲಿ ಮುಂದೆ ಅಲ್ಲಿಯ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಿನಿಂದ ನಿಂತ ವಾಹನದ ಅಂಗಾಂಗಗಳೇ ಓಡುವ ವಾಹನಕ್ಕೆ ಆಧಾರವಾದವು. ಒಂದು ಊರಿನ ಬೈಕಿನ ಎಂಜಿನ್ ಇನ್ನೊಂದು ಊರಿನದನ್ನು ಬದುಕಿಸಿತು. ಎಂಜಿನ್ ಕೊಟ್ಟದ್ದು ಬರಿಯ ಚೌಕಟ್ಟಾಗಿ ಗುಜರಿ ಸೇರಿತು.

ಆ ಗುಜರಿಯನ್ನು ನೋಡಬೇಕಾದರೆ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಬೇಕು. ಬಸ್ ನಿಲ್ದಾಣದಲ್ಲಿಳಿದು, ಸಂತ ಮೇರಿಯ ಬಸಿಲಿಕಾದ ಎತ್ತರದ ಗೋಪುರವನ್ನು ದಾಟಿ, ರಸೆಲ್ ಮಾರುಕಟ್ಟೆಯ ಹೂವು ಹಣ್ಣುಗಳ ಪರಿಮಳವನ್ನು ಹಿಂದೆ ಬಿಟ್ಟು ನಡೆದರೆ, ಕ್ರಮೇಣ ಗ್ರೀಸಿನ ವಾಸನೆ ಮೂಗಿಗೆ ಬಡಿಯುತ್ತದೆ. ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಗಲ್ಲಿಗಳು. ಕಾರುಗಳ ಬಾಗಿಲುಗಳನ್ನು ಪುಸ್ತಕಗಳಂತೆ ಸಾಲಾಗಿ ಜೋಡಿಸಿದ್ದಾರೆ. ಹೆಡ್‌ಲೈಟುಗಳು ರಾಶಿಯಿಂದ ನಮ್ಮನ್ನೇ ದಿಟ್ಟಿಸುತ್ತವೆ. ಎಂಜಿನ್ನಿಲ್ಲದ ದೇಹಗಳು ಒಂದೆಡೆ, ದೇಹವಿಲ್ಲದ ಎಂಜಿನ್ನುಗಳು ಇನ್ನೊಂದೆಡೆ!

ಒಂದು ಅಂಗಡಿಯಲ್ಲಿ ಬಿಳಿಯ ಗಡ್ಡದ ಸಾಹೇಬರೊಬ್ಬರು ಸ್ಟೂಲಿನ ಮೇಲೆ ಕುಳಿತು ಚಹಾ ಹೀರುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿ, ಬಣ್ಣವನ್ನೂ ವಿಚಾರಿಸದೆ, ಟಯರನ್ನೂ ವಿಚಾರಿಸದೆ, ಒಂದೇ ಪ್ರಶ್ನೆ ಹಾಕಿದರು: “ಕಾಗದ ಇದೆಯೋ?”

ಇದೆಯೆಂದೆ. ಸಾಹೇಬರ ಮುಖ ಅರಳಿತು. “ಹಾಗಾದರೆ ಅದು ಗಾಡಿ. ಕಾಗದ ಇಲ್ಲದಿದ್ದರೆ ಕಬ್ಬಿಣ.”

ಎಂಜಿನ್ನಿಲ್ಲದ ವಾಹನವನ್ನು ಕೊಳ್ಳುವವರು ಮೂರು ತೆರನಂತೆ. ಮೊದಲನೆಯವನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾನೆ. ಎರಡನೆಯವನು ಅದೇ ಜಾತಿಯ ಎಂಜಿನ್ ಹುಡುಕಿ ಕೂರಿಸುತ್ತಾನೆ. ಮೂರನೆಯವನು ಹೊಸ ಕಾಲದವನು. ಎಂಜಿನ್ನಿದ್ದ ತೆರವಿನಲ್ಲಿ ಬ್ಯಾಟರಿಯನ್ನಿಟ್ಟು ವಿದ್ಯುತ್ತಿನಿಂದ ಓಡಿಸಬೇಕೆನ್ನುತ್ತಾನೆ. ಎರಡನೆಯವನ ಕೆಲಸ ಜಾವಾದಲ್ಲಿ ಅಷ್ಟು ಕಷ್ಟವಲ್ಲ. ಅದರದು ಕವಾಟಗಳಿಲ್ಲದ ಟೂ ಸ್ಟ್ರೋಕ್ ಎಂಜಿನ್; ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕಿದರಾಯಿತು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಒದ್ದು ಚಾಲೂ ಮಾಡುವ ಸನ್ನೆಯನ್ನು ತಿರುಗಿಸಿದರೆ ಅದೇ ಗೇರಿನ ಸನ್ನೆ. ಸವೆದ ಸಿಲಿಂಡರನ್ನು ಕೊರೆಯಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿ, ಬೇರಿಂಗ್ ಬದಲಿಸಿದರೆ ಮುದಿ ಎಂಜಿನ್ನಿಗೂ ಪ್ರಾಯ ಬರುತ್ತದೆ.

ಕಷ್ಟವಿರುವುದು ಕಬ್ಬಿಣದಲ್ಲಲ್ಲ, ಅಂಕಿಗಳಲ್ಲಿ. ಚೌಕಟ್ಟಿನ ಮೇಲೊಂದು ಅಂಕಿ, ಎಂಜಿನ್ನಿನ ಮೇಲೊಂದು ಅಂಕಿ. ಎರಡೂ ನೋಂದಣಿ ಪತ್ರದಲ್ಲಿವೆ. ಎಂಜಿನ್ ಬದಲಾದರೆ ಸಾರಿಗೆ ಕಚೇರಿಗೆ ತಿಳಿಸಿ ದಾಖಲೆಯನ್ನು ತಿದ್ದಿಸಬೇಕು. ವಿದ್ಯುತ್ತಿಗೆ ಮಾರ್ಪಡಿಸುವುದಾದರೂ ಅಂಗೀಕೃತ ಸಾಮಗ್ರಿಯೇ ಆಗಬೇಕು. ಹದಿನೈದು ವರ್ಷ ಕಳೆದ ವಾಹನದ ನೋಂದಣಿಯನ್ನು ನವೀಕರಿಸಲು ತಪಾಸಣೆಯಾಗಬೇಕು. ಎಂಜಿನ್ನಿಲ್ಲದ ವಾಹನ ತಪಾಸಣೆಗೆ ನಡೆದು ಹೋದೀತೆ?

ಸಾಹೇಬರ ಬಳಿ ಆ ದಿನ ಜಾವಾ ಎಂಜಿನ್ ಇರಲಿಲ್ಲ. ಎರಡು ಗಲ್ಲಿ ಆಚೆ ಒಂದು ಕಡೆ ಸಿಕ್ಕಿತು. ಅಚ್ಚುಕಟ್ಟಾದ ಎಂಜಿನ್, ನಾನು ನಿರೀಕ್ಷಿಸಿದ್ದಕ್ಕಿಂತ ಅಗ್ಗ. ಕೈ ಜೇಬಿಗೆ ಹೋಯಿತು. ಕೊನೆಗೆ, ಕೇಳಬೇಕಲ್ಲ ಎಂದು, ಅಂಕಿ ಎಲ್ಲಿದೆ ಎಂದು ಕೇಳಿದೆ. ಅಂಕಿ ಇರಬೇಕಾದ ಜಾಗ ಅರದಿಂದ ಉಜ್ಜಿ ನುಣುಪಾಗಿತ್ತು. “ಬೇಕಾದ ಅಂಕಿ ಹೊಡೆಸಿಕೊಳ್ಳಿ ಸಾರ್, ಯಾರು ಕೇಳುತ್ತಾರೆ?” ಎಂದು ಹುಡುಗ ನಕ್ಕ.

ಸುಳ್ಳೇಕೆ ಹೇಳಲಿ, ಅರೆಗಳಿಗೆ ಮನಸ್ಸು ಜಾರಿತು. ಎಂಬತ್ತನಾಲ್ಕರ ಮುದುಕರ ಆಸೆ. ಬೀದಿಯಲ್ಲಿ ಎರಡು ಸುತ್ತು ಹಾಕುವುದಕ್ಕೆ ಇಷ್ಟೆಲ್ಲ ಧರ್ಮಸೂಕ್ಷ್ಮವೇ? ಆದರೆ ಆ ನುಣುಪಾದ ಜಾಗದಲ್ಲಿ ನಮ್ಮ ಮೇಸ್ತ್ರಿಯ ಮುಖ ಕಂಡಂತಾಯಿತು. ನಮ್ಮ ಎಂಜಿನ್ನನ್ನೂ ಯಾರೋ ಹೀಗೆಯೇ ಉಜ್ಜಿ ಯಾರಿಗೋ ಮಾರಿರಬೇಕು. ಇದನ್ನು ಕಳೆದುಕೊಂಡ ಮನೆಯಲ್ಲಿಯೂ ಒಬ್ಬ ತಂದೆ ಇರಬಹುದು. ಬರಿಗೈಯಲ್ಲಿ ಹಿಂದಿರುಗಿದೆ.

ದಾರಿಯಲ್ಲಿ ಸಾಹೇಬರಿಗೆ ಸಂಗತಿ ತಿಳಿಸಿದೆ. ಅವರು ನನ್ನ ಫೋನ್ ಸಂಖ್ಯೆಯನ್ನು ಎಣ್ಣೆ ಮೆತ್ತಿದ ಪುಸ್ತಕದಲ್ಲಿ ಬರೆದುಕೊಂಡು, “ಅಂಕಿ ಇರುವುದು, ಕಾಗದ ಇರುವುದು ಬಂದಾಗ ಹೇಳುತ್ತೇನೆ. ಆರು ತಿಂಗಳಾಗಬಹುದು, ವರ್ಷವಾಗಬಹುದು” ಎಂದರು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಮನಸ್ಸು ಜಾರಿದ್ದನ್ನೂ ಮುಚ್ಚಿಡಲಿಲ್ಲ. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ವರ್ಷವೆಂಬುದು ಅವರ ವಯಸ್ಸಿನಲ್ಲಿ ಸಣ್ಣ ಮಾತಲ್ಲ. ಕಡೆಗೆ ಕೋಲನ್ನೂರಿ ಎದ್ದು ಹಿತ್ತಿಲಿಗೆ ನಡೆದು, ಟ್ಯಾಂಕಿನ ಮೇಲೆ ಕೈಯಿಟ್ಟು ಹೇಳಿದರು: “ಕದ್ದ ಎಂಜಿನ್ನಿನ ಸದ್ದು ನನಗೆ ಹಿಡಿಸುತ್ತಿರಲಿಲ್ಲ. ಕಾಯೋಣ. ಅಷ್ಟರಲ್ಲಿ ಒಂದು ಬಟ್ಟೆ ತಾ, ಧೂಳಾದರೂ ಒರೆಸೋಣ.”